ಥಾಮಸ್ ಮನ್ರೋ

ಸರ್ ಥಾಮಸ್ ಮನ್ರೋ (27 ಮೇ 1761 – 6 ಜುಲೈ 1827) ಈಸ್ಟ್ ಇಂಡಿಯಾ ಕಂಪನಿಯ ಸೈನ್ಯಾಧಿಕಾರಿ, ಕಂದಾಯ ಆಡಳಿತಗಾರ ಮತ್ತು 1820ರಿಂದ 1827ರವರೆಗೆ ಮದರಾಸು ಪ್ರಾಂತದ ಗವರ್ನರ್. ದಕ್ಷಿಣ ಭಾರತದಲ್ಲಿ ರೈತವಾರಿ ಕಂದಾಯ ಪದ್ಧತಿಯನ್ನು ನೆಲೆಗೊಳಿಸಿದವನೆಂದು ಈತ ಪ್ರಸಿದ್ಧ. ಬಳ್ಳಾರಿ, ಹೊಸಪೇಟೆ, ಕಂಪ್ಲಿ, ದರೋಜಿ ಮೊದಲಾದ ಊರುಗಳನ್ನೊಳಗೊಂಡ ದತ್ತ ಮಂಡಲಕ್ಕೆ ಈತನೇ ಮೊದಲ ಪ್ರಧಾನ ಕಲೆಕ್ಟರ್. ಕರಾವಳಿಯ ಕೆನರಾ, ಧಾರವಾಡ, ಬಾದಾಮಿ, ಬೆಳಗಾವಿ, ಸಂಡೂರುಗಳ ಇತಿಹಾಸದಲ್ಲಿಯೂ ಈತನ ಹೆಸರು ಬರುತ್ತದೆ. ಕಂದಾಯದಷ್ಟು ಪ್ರಸಿದ್ಧವಲ್ಲದಿದ್ದರೂ ಅಷ್ಟೇ ಮುಖ್ಯವಾದ ಮತ್ತೊಂದು ವಿಷಯದಲ್ಲಿ ಈತನ ಪ್ರಭಾವ ದೀರ್ಘಕಾಲ ಉಳಿಯಿತು. ಸರ್ಕಾರಿ ನೌಕರನಿಗೆ, ಅದರಲ್ಲಿಯೂ ಪೊಲೀಸಿನವನಿಗೆ, ಎಷ್ಟು ಸಂಬಳ ಕೊಡಬೇಕು, ಅವನಲ್ಲಿ ಯಾವ ಅರ್ಹತೆ ನೋಡಬೇಕು ಎಂಬುದೇ ಆ ವಿಷಯ.

ಬಾಲ್ಯ ಮತ್ತು ಸೈನ್ಯ ಸೇವೆ

ಮನ್ರೋ ಸ್ಕಾಟ್ಲೆಂಡಿನ ಗ್ಲಾಸ್ಗೋ ನಗರದಲ್ಲಿ ಜನಿಸಿದ. ತಂದೆ ಅಲೆಕ್ಸಾಂಡರ್ ಮನ್ರೋ ಅಮೆರಿಕದ ವರ್ಜೀನಿಯಾದೊಡನೆ ವ್ಯಾಪಾರ ನಡೆಸುತ್ತಿದ್ದ ವರ್ತಕ, ತಾಯಿ ಮಾರ್ಗರೆಟ್ ಸ್ಟಾರ್ಕ್. ಗ್ಲಾಸ್ಗೋ ವಿಶ್ವವಿದ್ಯಾನಿಲಯದಲ್ಲಿ ಓದಿದ ಈತನಿಗೆ ಗಣಿತ ಮತ್ತು ರಸಾಯನಶಾಸ್ತ್ರಗಳಲ್ಲಿ ಆಸಕ್ತಿಯಿತ್ತು. ಡಾನ್ ಕ್ವಿಕ್ಸೋಟ್ ಕೃತಿಯನ್ನು ಮೂಲದಲ್ಲಿಯೇ ಓದಬೇಕೆಂದು ಸ್ವಂತ ಪರಿಶ್ರಮದಿಂದ ಸ್ಪ್ಯಾನಿಷ್ ಭಾಷೆಯನ್ನು ಕಲಿತ. ಓದು ಮುಗಿದ ಮೇಲೆ ಒಂದು ವ್ಯಾಪಾರ ಸಂಸ್ಥೆಯಲ್ಲಿ ಲೆಕ್ಕಪತ್ರದ ಕೆಲಸ ಮಾಡಿದ. ಅಷ್ಟರಲ್ಲಿ ಅಮೆರಿಕದ ಸ್ವಾತಂತ್ರ್ಯ ಯುದ್ಧ ಆರಂಭವಾಗಿ ವರ್ಜೀನಿಯಾದ ವ್ಯಾಪಾರ ನಿಂತುಹೋಯಿತು, ತಂದೆ ದಿವಾಳಿಯಾದ. ಮನೆತನದ ಈ ಪತನವೇ ಮಗನನ್ನು ಕಂಪನಿಯ ಸೇವೆಗೆ ತಳ್ಳಿತು. 1779ರಲ್ಲಿ ಮದರಾಸು ಪದಾತಿ ದಳದ ಕೆಡೆಟ್ ಆಗಿ ಆಯ್ಕೆಯಾಗಿ 1780ರ ಜನವರಿಯಲ್ಲಿ ಮದರಾಸಿಗೆ ಬಂದಿಳಿದ. ಆಗ ಈತನ ವಯಸ್ಸು 18.

ಅದೇ ವರ್ಷ ಹೈದರಾಲಿಯೊಡನೆ ಯುದ್ಧ ಆರಂಭವಾಯಿತು. 1784ರವರೆಗೆ ಮನ್ರೋ ಆ ಯುದ್ಧದಲ್ಲಿ ಸೇವೆ ಸಲ್ಲಿಸಿದ. ಭಾರತಕ್ಕೆ ಹೋದವರೆಲ್ಲ ಐಶ್ವರ್ಯವಂತರಾಗಿ ಮರಳುತ್ತಾರೆಂಬ ಭಾವನೆ ಆಗ ಇಂಗ್ಲೆಂಡಿನಲ್ಲಿ ಬಲವಾಗಿತ್ತು. ಕೆಳದರ್ಜೆಯ ಸೈನ್ಯಾಧಿಕಾರಿಯ ಬದುಕು ಹಾಗಿರಲಿಲ್ಲ. ಬಂದ ಮೊದಲ ವರ್ಷಗಳಲ್ಲಿ ತಲೆಗೆ ದಿಂಬಿಲ್ಲದೆ ಪುಸ್ತಕವನ್ನೋ ತೋಟಾ ಚೀಲವನ್ನೋ ಇಟ್ಟುಕೊಂಡು ಮಲಗುತ್ತಿದ್ದುದನ್ನು ಈತ ಸೋದರಿಗೆ ಬರೆದ ಕಾಗದದಲ್ಲಿ ಹಾಸ್ಯದಿಂದ ವಿವರಿಸಿದ್ದಾನೆ. ಸಂಬಳದಲ್ಲಿ ಉಳಿಸಿದ ಹಣ ತಂದೆಯ ಸಂಸಾರಕ್ಕೆ ಹೋಗುತ್ತಿತ್ತು. ಮುಂದೆ ನಾಲ್ಕು ದಶಕಗಳ ಕಾಲ ಈತ ಬರೆದ ಆಡಳಿತ ಟಿಪ್ಪಣಿಗಳಲ್ಲಿ ನೌಕರನ ಸಂಬಳದ ಪ್ರಶ್ನೆ ಮತ್ತೆ ಮತ್ತೆ ಕಾಣಿಸಿಕೊಳ್ಳುವುದಕ್ಕೆ ಈ ಅನುಭವವೂ ಒಂದು ಕಾರಣವಾಗಿರಬಹುದು.

ಬಾರಾಮಹಲ್ ಮತ್ತು ಕೆನರಾ

1790ರಿಂದ 1792ರವರೆಗೆ ಟಿಪ್ಪು ಸುಲ್ತಾನನ ವಿರುದ್ಧ ನಡೆದ ಯುದ್ಧದ ನಂತರ ಬಾರಾಮಹಲ್ ಪ್ರದೇಶ ಕಂಪನಿಯ ವಶವಾಯಿತು. ಅದರ ಆಡಳಿತವನ್ನು ಕ್ಯಾಪ್ಟನ್ ಅಲೆಕ್ಸಾಂಡರ್ ರೀಡ್‌ಗೆ ವಹಿಸಿ, ಸಹಾಯಕರನ್ನಾಗಿ ಮನ್ರೋ ಮೊದಲಾದ ಸೈನ್ಯಾಧಿಕಾರಿಗಳನ್ನು ನೇಮಿಸಲಾಯಿತು. ಕಂದಾಯ ಇಲಾಖೆಯ ಸಿವಿಲ್ ನೌಕರರನ್ನು ಬಿಟ್ಟು ಸೈನಿಕರನ್ನು ಆರಿಸಲು ಕಾರಣವಿತ್ತು: ರೀಡ್ ಮತ್ತು ಮನ್ರೋ ಜನರ ಭಾಷೆ ಬಲ್ಲವರಾಗಿದ್ದರು, ದುಭಾಷಿಗಳನ್ನು ನಂಬಿ ಕೂರುವ ಅಗತ್ಯ ಅವರಿಗಿರಲಿಲ್ಲ. ಏಳು ವರ್ಷ ಹಳ್ಳಿಯಿಂದ ಹಳ್ಳಿಗೆ ತಿರುಗಿ, ಪ್ರತಿಯೊಬ್ಬ ರೈತನೊಡನೆ ನೇರವಾಗಿ ಕಂದಾಯ ಗೊತ್ತುಪಡಿಸುವ ಕ್ರಮವನ್ನು ಮನ್ರೋ ಇಲ್ಲಿಯೇ ಕಲಿತ.

1799ರಲ್ಲಿ ಶ್ರೀರಂಗಪಟ್ಟಣದ ಪತನಾನಂತರ ಮೈಸೂರು ರಾಜ್ಯದ ವ್ಯವಸ್ಥೆಗಾಗಿ ನೇಮಕವಾದ ಆಯೋಗಕ್ಕೆ ಮನ್ರೋ ಹಾಗೂ ಜಾನ್ ಮಾಲ್ಕಮ್ ಕಾರ್ಯದರ್ಶಿಗಳಾಗಿದ್ದರು. ಆ ಕೆಲಸ ಮುಗಿದೊಡನೆ ಮನ್ರೋನನ್ನು ಕೆನರಾ ಜಿಲ್ಲೆಗೆ ಕಳುಹಿಸಲಾಯಿತು. ಇಂದಿನ ಉತ್ತರ ಕನ್ನಡ, ಉಡುಪಿ, ದಕ್ಷಿಣ ಕನ್ನಡ ಜಿಲ್ಲೆಗಳು ಹಾಗೂ ಕಾಸರಗೋಡು ಆಗ ಒಂದೇ ಜಿಲ್ಲೆ. ಸುರಿಯುವ ಮಳೆ ಮತ್ತು ದಟ್ಟ ಕಾಡುಗಳ ಆ ಸೀಮೆ ಈತನಿಗೆ ಹಿಡಿಸಲಿಲ್ಲ. ಒಂದು ವರ್ಷಕ್ಕಿಂತ ಸ್ವಲ್ಪ ಹೆಚ್ಚು ಕಾಲ ಇದ್ದು ವರ್ಗಾವಣೆ ಕೇಳಿ ಪಡೆದ.

ದತ್ತ ಮಂಡಲದ ಕಲೆಕ್ಟರ್ (1800–1807)

1800ರ ಅಕ್ಟೋಬರ್ 12ರ ಒಪ್ಪಂದದಂತೆ ಹೈದರಾಬಾದಿನ ನಿಜಾಮನು ತನ್ನ ರಾಜ್ಯದಲ್ಲಿ ಇರಿಸಿಕೊಂಡಿದ್ದ ಕಂಪನಿಯ ಸೈನ್ಯದ ವೆಚ್ಚಕ್ಕಾಗಿ ಬಳ್ಳಾರಿ, ಅನಂತಪುರ, ಕಡಪ ಮತ್ತು ಕರ್ನೂಲಿನ ಕೆಲವು ಭಾಗಗಳನ್ನು ಬಿಟ್ಟುಕೊಟ್ಟನು. ಹೀಗೆ ದತ್ತವಾದುದರಿಂದ ಇದಕ್ಕೆ ದತ್ತ ಮಂಡಲವೆಂದು ಹೆಸರಾಯಿತು. ಮನ್ರೋ ಇದರ ಪ್ರಧಾನ ಕಲೆಕ್ಟರ್ ಆದ. ಈತನ ಕೈಕೆಳಗೆ ನಾಲ್ವರು ಉಪ ಕಲೆಕ್ಟರುಗಳಿದ್ದರು, ಅವರಲ್ಲಿ ಒಬ್ಬನ ಕಚೇರಿ ಹರಪನಹಳ್ಳಿಯಲ್ಲಿತ್ತು.

ವಿಜಯನಗರದ ಪತನದ ನಂತರ ಈ ಸೀಮೆ ಬಿಜಾಪುರ, ಮೊಗಲರು, ಮರಾಠರು, ಹೈದರ್, ಟಿಪ್ಪು, ನಿಜಾಮ ಹೀಗೆ ಹಲವರ ಕೈಯಲ್ಲಿ ಸಿಕ್ಕಿ ನಲುಗಿತ್ತು. ಮನ್ರೋ ಬಂದಾಗ ಸುಮಾರು 80 ಮಂದಿ ಪಾಳೆಯಗಾರರೂ ಅವರ ಬಳಿ ಸುಮಾರು 30,000 ಮಂದಿ ಆಯುಧಧಾರಿಗಳೂ ಇದ್ದರು. ಮೇಜರ್ ಜನರಲ್ ಡುಗಾಲ್ಡ್ ಕ್ಯಾಂಪ್‌ಬೆಲ್ಲನ ಸೈನ್ಯದ ನೆರವಿನಿಂದ ಪಾಳೆಯಗಾರರನ್ನು ಒಬ್ಬೊಬ್ಬರನ್ನಾಗಿ ಅಡಗಿಸಲಾಯಿತು. ಕೆಲವರನ್ನು ಹೊರಗಟ್ಟಿ, ಕೆಲವರಿಗೆ ಮಾಸಾಶನ ಗೊತ್ತುಮಾಡಿ, ಉಳಿದವರನ್ನು ಸಾಮಾನ್ಯ ಜಮೀನುದಾರರ ಮಟ್ಟಕ್ಕೆ ಇಳಿಸಲಾಯಿತು. ಮನ್ರೋನ ಈ ಕಠೋರ ಕ್ರಮ ಲಂಡನ್ನಿನ ನಿರ್ದೇಶಕರ ಅಸಮಾಧಾನಕ್ಕೂ ಗುರಿಯಾಯಿತು.

ಪಾಳೆಯಗಾರರ ಆಳುಗಳು ಬರಿಯ ಸೈನಿಕರಾಗಿರಲಿಲ್ಲ. ಅವರಲ್ಲಿ ಅನೇಕರು ಭೂಮಿಯನ್ನು ಉಂಬಳಿಯಾಗಿ ಪಡೆದು ಸೇವೆ ಸಲ್ಲಿಸುತ್ತಿದ್ದ ಕಟ್ಟುಬಡಿಗಳು. ದಾರಿ ಕಾಯುವುದು, ಊರು ಕಾಯುವುದು ಅವರ ಹೊಣೆಯಾಗಿತ್ತು. ಹಳ್ಳಿಗಳ ಒಳಗೆ ಈ ಕೆಲಸ ತಳವಾರನದು. ಬೆಟ್ಟಸಾಲಿನ ಮಗ್ಗುಲಲ್ಲಿ ದೊಡ್ಡ ಕೆರೆಯಿರುವ ದರೋಜಿಯಂಥ ಊರುಗಳಲ್ಲಿ ಕೆರೆಯ ನೀರು ಹಂಚುವ ನೀರುಗಂಟಿಗೂ ಊರು ಕಾಯುವ ತಳವಾರನಿಗೂ ತಿಂಗಳ ಸಂಬಳವೆಂಬುದಿರಲಿಲ್ಲ. ಸ್ವಲ್ಪ ಮಾನ್ಯದ ಭೂಮಿ, ಸುಗ್ಗಿಯಲ್ಲಿ ಕಣದಿಂದ ಅಳೆದು ಕೊಡುವ ಆಯ, ಇವೇ ಅವರ ಜೀವನೋಪಾಯ. ಅರ್ಹತೆ ಎಂದರೆ ವಂಶ. ತಂದೆಯ ಕೆಲಸ ಮಗನಿಗೆ. ಊರಿನಲ್ಲಿ ಕಳವಾದರೆ ಕಳ್ಳನನ್ನು ಹಿಡಿದು ಕೊಡಬೇಕು, ಇಲ್ಲವೇ ಕಳವಾದ ಮಾಲಿನ ಬೆಲೆಯನ್ನು ಕಾವಲಿನವನೇ ತುಂಬಿಕೊಡಬೇಕು ಎಂಬುದು ದಕ್ಷಿಣದ ಅನೇಕ ಕಡೆಗಳಲ್ಲಿ ಇದ್ದ ಹಳೆಯ ಕಟ್ಟಳೆ. ಈ ಪದ್ಧತಿ ಮನ್ರೋನ ಮನಸ್ಸಿನಲ್ಲಿ ಆಳವಾಗಿ ನಿಂತಿತು.

ಕಂದಾಯದ ಕೆಲಸದಲ್ಲಿ ಈತ ಅನುಸರಿಸಿದ ದಾರಿ ಬೇರೆ. 1802ರಲ್ಲಿ ಆರಂಭವಾದ ಭೂಮಾಪನಕ್ಕೆ 33 ಅಡಿಯ ಸರಪಳಿಯನ್ನು ಬಳಸಲಾಯಿತು. ಆ ಸರಪಳಿಯ 40 ಚದರಕ್ಕೆ ಒಂದು ಎಕರೆ. ಅಳತೆಯ ಗುಮಾಸ್ತರನ್ನು ತಂಡಗಳಾಗಿ ವಿಂಗಡಿಸಿ, ಪ್ರತಿ ತಂಡಕ್ಕೆ ಮೇಲ್ವಿಚಾರಕನನ್ನು ನೇಮಿಸಿ, ಅಳೆದ ಎಕರೆಗಳ ಲೆಕ್ಕದಲ್ಲಿ ಕೂಲಿ ಕೊಡಲಾಗುತ್ತಿತ್ತು. ಕೆಲಸ ಬಲ್ಲವನಿಗೆ ಹೆಚ್ಚು ಗಳಿಕೆ. ಕೈ ಪಳಗಿದಂತೆ ಎಕರೆಯ ದರವನ್ನು ಇಳಿಸಲಾಯಿತೆಂಬುದೂ ನಿಜ. ಆದರೂ ಇಲ್ಲಿ ಅರ್ಹತೆ ಎಂದರೆ ವಂಶವಾಗಿರಲಿಲ್ಲ, ಲೆಕ್ಕ ಮತ್ತು ಅಳತೆ ಬಲ್ಲ ಜಾಣ್ಮೆಯಾಗಿತ್ತು, ಅದಕ್ಕೆ ನಗದು ಪ್ರತಿಫಲವೂ ಇತ್ತು.

ಏಳು ವರ್ಷಗಳಲ್ಲಿ ದತ್ತ ಮಂಡಲದ ಕಂದಾಯ ಸುಮಾರು 10 ಲಕ್ಷ ವರಹಗಳಿಂದ 15 ಲಕ್ಷ ವರಹಗಳಿಗೆ ಏರಿತು. ಈ ಏರಿಕೆ ರೈತನ ಮೇಲೆ ಭಾರವೆಂಬುದನ್ನು ಮನ್ರೋ ತಾನೇ ಒಪ್ಪಿಕೊಂಡು, 1807ರಲ್ಲಿ ಹೊರಡುವ ಮುನ್ನ ಕಂದಾಯವನ್ನು ನೂರಕ್ಕೆ 25ರಷ್ಟು ಇಳಿಸಬೇಕೆಂದು ಶಿಫಾರಸು ಮಾಡಿದ. ಸರ್ಕಾರ ಆಗ ಅದನ್ನು ಒಪ್ಪದೆ ಹಳ್ಳಿಗಳನ್ನು ಗುತ್ತಿಗೆಗೆ ಕೊಟ್ಟಿತು. 1808ರಲ್ಲಿ ದತ್ತ ಮಂಡಲವನ್ನು ಬಳ್ಳಾರಿ ಮತ್ತು ಕಡಪ ಎಂಬ ಎರಡು ಜಿಲ್ಲೆಗಳಾಗಿ ವಿಭಜಿಸಲಾಯಿತು.

ದರೋಗಾ ಪದ್ಧತಿ ಮತ್ತು ಸಂಬಳದ ಅಂತರ

ಮನ್ರೋ ವಿರೋಧಿಸಿದ ಪೊಲೀಸ್ ವ್ಯವಸ್ಥೆ ಬಂಗಾಳದಿಂದ ಬಂದುದು. ಗವರ್ನರ್ ಜನರಲ್ ಕಾರ್ನ್‌ವಾಲಿಸ್ 1793ರಲ್ಲಿ ಜಮೀನ್ದಾರರ ಪೊಲೀಸ್ ಅಧಿಕಾರವನ್ನು ಕಿತ್ತುಕೊಂಡು, ಜಿಲ್ಲೆಯನ್ನು ಸುಮಾರು 400 ಚದರ ಮೈಲಿಗೊಂದರಂತೆ ಠಾಣೆಗಳಾಗಿ ವಿಂಗಡಿಸಿ, ಪ್ರತಿ ಠಾಣೆಗೆ ಒಬ್ಬ ದರೋಗನನ್ನು ನೇಮಿಸಿದ. ದರೋಗನು ಜಿಲ್ಲಾ ನ್ಯಾಯಾಧೀಶನ ಅಧೀನ. ಅವನ ಸಂಬಳ ತಿಂಗಳಿಗೆ ಸುಮಾರು 25 ರೂಪಾಯಿ. ಇದರ ಮೇಲೆ, ಶಿಕ್ಷೆಯಾದ ಪ್ರತಿ ದರೋಡೆಕಾರನಿಗೆ 10 ರೂಪಾಯಿ ಬಹುಮಾನ ಮತ್ತು ಪತ್ತೆಯಾದ ಮಾಲಿನ ಬೆಲೆಯಲ್ಲಿ ನೂರಕ್ಕೆ 10 ಭಾಗ.

ಅದೇ ಕಾರ್ನ್‌ವಾಲಿಸನು ಐರೋಪ್ಯ ಕಲೆಕ್ಟರುಗಳ ಸಂಬಳವನ್ನು ತಿಂಗಳಿಗೆ 1,500 ರೂಪಾಯಿಗೆ ಏರಿಸಿ, ವಸೂಲಾದ ಕಂದಾಯದ ಮೇಲೆ ಸುಮಾರು ನೂರಕ್ಕೆ ಒಂದರಂತೆ ಕಮಿಷನ್ನನ್ನೂ ಕೊಟ್ಟಿದ್ದ. ಅವರಲ್ಲಿ ಅಲ್ಲಿಯವರೆಗೆ ಲಂಚ ಮತ್ತು ಖಾಸಗಿ ವ್ಯಾಪಾರ ಹಬ್ಬಿದ್ದುದೇ ಇದಕ್ಕೆ ಕಾರಣ. ಸಾಕಷ್ಟು ಸಂಬಳ ಕೊಟ್ಟರೆ ಪ್ರಾಮಾಣಿಕತೆ ಬರುತ್ತದೆಂಬ ತತ್ತ್ವವನ್ನು ಐರೋಪ್ಯರಿಗೆ ಅನ್ವಯಿಸಲಾಯಿತು. ಅವರಷ್ಟೇ ಪ್ರಲೋಭನೆಗಳ ನಡುವೆ ಇದ್ದ ದರೋಗನಿಗೆ ಅನ್ವಯಿಸಲಿಲ್ಲ. ಕಲೆಕ್ಟರನ ಒಂದು ತಿಂಗಳ ಮೂಲ ಸಂಬಳ ದರೋಗನ ಐದು ವರ್ಷಗಳ ಸಂಬಳಕ್ಕೆ ಸಮವಾಗಿತ್ತು. ದರೋಗನ ಕೈಕೆಳಗಿನ ಜಮಾದಾರ ಮತ್ತು ಬಂಟರ ಸಂಬಳ ಇನ್ನೂ ಕಡಿಮೆ.

ಅರ್ಹತೆಯ ವಿಷಯದಲ್ಲಿಯೂ ಇದೇ ಅಂತರ. ಕಂಪನಿಯ ಸಿವಿಲ್ ಸೇವೆಗೆ ನಿರ್ದೇಶಕರ ಶಿಫಾರಸಿನಿಂದ ಪ್ರವೇಶ ಸಿಗುತ್ತಿತ್ತಾದರೂ, ಮುಂದೆ ಅವರಿಗೆ 1806ರಲ್ಲಿ ಇಂಗ್ಲೆಂಡಿನಲ್ಲಿ ಸ್ಥಾಪಿತವಾದ ಕಾಲೇಜಿನ ಶಿಕ್ಷಣವೂ ಮದರಾಸಿನಲ್ಲಿ 1812ರಲ್ಲಿ ಆರಂಭವಾದ ಸೇಂಟ್ ಜಾರ್ಜ್ ಕೋಟೆಯ ಕಾಲೇಜಿನಲ್ಲಿ ದೇಶಭಾಷೆಗಳ ತರಬೇತಿಯೂ ದೊರೆತವು. ದರೋಗನಿಗೆ ಯಾವ ತರಬೇತಿಯೂ ಇರಲಿಲ್ಲ. ವರ್ಷಕ್ಕೆ 500 ಪೌಂಡಿಗಿಂತ ಹೆಚ್ಚು ಸಂಬಳದ ಹುದ್ದೆಗಳನ್ನು ಐರೋಪ್ಯ ಸಿವಿಲ್ ನೌಕರರಿಗೆ ಮೀಸಲಿಟ್ಟಿದ್ದರಿಂದ, ದರೋಗನಾಗಲಿ ತಹಸೀಲ್ದಾರನಾಗಲಿ ಎಷ್ಟು ಚೆನ್ನಾಗಿ ಕೆಲಸ ಮಾಡಿದರೂ ಒಂದು ಮೆಟ್ಟಿಲಿನ ಮೇಲೆ ಏರುವಂತಿರಲಿಲ್ಲ.

1802ರಲ್ಲಿ ಈ ಪದ್ಧತಿ ಮದರಾಸು ಪ್ರಾಂತದಲ್ಲಿಯೂ ಕಾನೂನಾಯಿತು. ಮನ್ರೋನ ಆಕ್ಷೇಪಣೆ ಎರಡು ಬಗೆಯದು. ದರೋಗನು ಊರಿಗೆ ಹೊರಗಿನವನು, ಯಾರ ಮನೆಯ ಯಾವ ಮಗ ರಾತ್ರಿ ಎಲ್ಲಿರುತ್ತಾನೆಂಬುದು ಅವನಿಗೆ ತಿಳಿಯದು, ತಳವಾರನಿಗೆ ತಿಳಿದಿರುತ್ತದೆ. ಎರಡನೆಯದಾಗಿ, ಅಲ್ಪ ಸಂಬಳದ ಹೊರಗಿನವನಿಗೆ ದೊಡ್ಡ ಅಧಿಕಾರ ಕೊಟ್ಟರೆ ಅವನು ಕಳ್ಳರಿಗಿಂತ ಹೆಚ್ಚಾಗಿ ಊರವರಿಗೇ ಭಯ ಹುಟ್ಟಿಸುತ್ತಾನೆ. ಬಂಗಾಳದ ದರೋಗರ ವಿಷಯದಲ್ಲಿ ಕೇಳಿಬರುತ್ತಿದ್ದ ದೂರುಗಳು ಈ ಅಭಿಪ್ರಾಯವನ್ನು ಬಲಪಡಿಸಿದವು. ಹಳೆಯ ಕಾವಲು ಪದ್ಧತಿಯೂ ನಿರ್ದೋಷವಾಗಿರಲಿಲ್ಲ. ಕಾವಲಿನವರೇ ಕಳ್ಳರೊಡನೆ ಪಾಲುದಾರರಾಗಿದ್ದರೆಂಬ ದೂರುಗಳು ಹಲವೆಡೆ ಇದ್ದವು.

1816ರ ಕಾನೂನುಗಳು

1808ರಿಂದ 1814ರವರೆಗೆ ಮನ್ರೋ ಇಂಗ್ಲೆಂಡಿನಲ್ಲಿದ್ದ. 1813ರಲ್ಲಿ ಕಂಪನಿಯ ಸನ್ನದಿನ ನವೀಕರಣ ಕುರಿತು ಪಾರ್ಲಿಮೆಂಟು ವಿಚಾರಣೆ ನಡೆಸಿದಾಗ ಸಾಕ್ಷ್ಯ ನೀಡಿದ. 1814ರಲ್ಲಿ ಜೇನ್ ಕ್ಯಾಂಪ್‌ಬೆಲ್ಲಳನ್ನು ವಿವಾಹವಾದ. ಅದೇ ವರ್ಷ ಹಳ್ಳಿಯ ಪೊಲೀಸ್ ವ್ಯವಸ್ಥೆಯನ್ನು ಮತ್ತೆ ಸ್ಥಾಪಿಸಬೇಕೆಂದು ನಿರ್ದೇಶಕರು ಆದೇಶಿಸಿ, ಅದನ್ನು ಜಾರಿಗೆ ತರುವ ನ್ಯಾಯಾಂಗ ಆಯೋಗಕ್ಕೆ ಮನ್ರೋನನ್ನು ಮುಖ್ಯಸ್ಥನನ್ನಾಗಿ ಮಾಡಿ ಮದರಾಸಿಗೆ ಕಳುಹಿಸಿದರು.

ಈ ಅವಧಿಯಲ್ಲಿಯೇ ಕೊಯಮತ್ತೂರು ಜಿಲ್ಲೆಯ ಖಜಾನೆಯ ಮುಖ್ಯಸ್ಥ ಕಾಶಿ ಚೆಟ್ಟಿಯ ಮೇಲೆ ಬಂದ ದೊಡ್ಡ ಅಕ್ರಮದ ಆರೋಪಗಳನ್ನು ವಿಚಾರಿಸುವ ಕೆಲಸವೂ ಮನ್ರೋಗೆ ಬಂತು. ಕೈಯಲ್ಲಿ ಅಧಿಕಾರವಿದ್ದು ಮುಂದೆ ಏರುವ ದಾರಿಯಿಲ್ಲದ ನೌಕರನು ಏನು ಮಾಡಬಲ್ಲನೆಂಬುದನ್ನು ಈತ ಅಲ್ಲಿ ಹತ್ತಿರದಿಂದ ಕಂಡ.

1816ರಲ್ಲಿ ಹೊರಬಂದ ಕಾನೂನುಗಳು ಮದರಾಸು ಪ್ರಾಂತದ ಆಡಳಿತವನ್ನು ಬದಲಿಸಿದವು. ಗ್ರಾಮ ಮುನ್ಸೀಫ್, ಗ್ರಾಮ ಪಂಚಾಯತಿ, ಜಿಲ್ಲಾ ಮುನ್ಸೀಫ್‌ಗಳ ವ್ಯವಸ್ಥೆ ಬಂತು. ಮ್ಯಾಜಿಸ್ಟ್ರೇಟನ ಅಧಿಕಾರ ನ್ಯಾಯಾಧೀಶನಿಂದ ಕಲೆಕ್ಟರನಿಗೆ ವರ್ಗವಾಯಿತು. 11ನೆಯ ಕಾನೂನಿನಿಂದ ದರೋಗರು ರದ್ದಾಗಿ, ತಾಲ್ಲೂಕಿನಲ್ಲಿ ತಹಸೀಲ್ದಾರನೂ ಹಳ್ಳಿಯಲ್ಲಿ ಗೌಡನೂ ಪೊಲೀಸ್ ಮುಖ್ಯಸ್ಥರಾದರು. ಅವರ ಕೈಕೆಳಗೆ ತಳವಾರ ಮೊದಲಾದ ಊರ ಕಾವಲುಗಾರರು. ದೊಡ್ಡ ಪಟ್ಟಣಗಳಲ್ಲಿ ಮಾತ್ರ ಪ್ರತ್ಯೇಕ ಪೊಲೀಸ್ ಅಮೀನರು ಇರುತ್ತಿದ್ದರು.

ಸರ್ಕಾರದ ದೃಷ್ಟಿಯಿಂದ ಇದು ಬಹಳ ಅಗ್ಗದ ವ್ಯವಸ್ಥೆ. ಗೌಡನಿಗೂ ತಳವಾರನಿಗೂ ಹಳೆಯ ಮಾನ್ಯ ಮತ್ತು ಆಯವೇ ಸಂಬಳ. ತಹಸೀಲ್ದಾರನಿಗೆ ಕಂದಾಯದ ಕೆಲಸಕ್ಕೆ ಬರುತ್ತಿದ್ದ ಸಂಬಳದಲ್ಲಿಯೇ ಪೊಲೀಸ್ ಕೆಲಸವೂ ಸೇರಿತು. ಹೀಗೆ ಪ್ರಾಂತದ ಬಹುಭಾಗದಲ್ಲಿ ಪೊಲೀಸ್ ಎಂಬುದು ಸ್ವಂತ ಸಂಬಳವಾಗಲಿ ಸ್ವಂತ ಅರ್ಹತೆಯಾಗಲಿ ಇಲ್ಲದ, ಕಂದಾಯ ಇಲಾಖೆಯ ಬಾಲಂಗೋಚಿಯಾಯಿತು. ಬೆಳಿಗ್ಗೆ ಬಾಕಿ ವಸೂಲಿಗೆ ಬಂದ ಬಂಟ್ರೋತನೇ ಸಂಜೆ ಕಳ್ಳನನ್ನು ವಿಚಾರಿಸುತ್ತಿದ್ದ. ಕಂದಾಯ ಬಾಕಿಯಿರುವ ರೈತ ತನ್ನ ದೂರನ್ನು ಯಾರ ಬಳಿಗೆ ಒಯ್ಯಬೇಕು ಎಂಬ ಪ್ರಶ್ನೆಗೆ ಕಾನೂನಿನಲ್ಲಿ ಉತ್ತರವಿರಲಿಲ್ಲ.

ಇದೇ ಕಾನೂನಿನ ಇನ್ನೊಂದು ಕಲಮನ್ನು ಮನ್ರೋನ ಪ್ರಶಂಸಕರು ಸಾಮಾನ್ಯವಾಗಿ ಬಿಟ್ಟುಬಿಡುತ್ತಾರೆ. ಬೈಗುಳ, ಸಣ್ಣ ಹೊಡೆದಾಟಗಳಂಥ ಅಪರಾಧಗಳಿಗೆ ಗ್ರಾಮ ಮುಖ್ಯಸ್ಥನು 12 ಗಂಟೆಗಳ ತನಕ ಚಾವಡಿಯಲ್ಲಿ ಕೂಡಿಹಾಕಬಹುದಾಗಿತ್ತು. ಅಪರಾಧಿ ಕೆಳಜಾತಿಯವನಾಗಿದ್ದರೆ, ಅವನ ಕಾಲುಗಳನ್ನು ಮರದ ದಿಮ್ಮಿಯ ತೂತುಗಳಲ್ಲಿ ಸಿಕ್ಕಿಸಿ ಆರು ಗಂಟೆಗಳ ತನಕ ಎಲ್ಲರೆದುರು ಕೂರಿಸಲು ಅವಕಾಶವಿತ್ತು. ಹಳ್ಳಿಯ ಹಳೆಯ ಕಟ್ಟಳೆಯನ್ನು ಗೌರವಿಸುವುದೆಂದರೆ ಅದರ ಅನ್ಯಾಯಗಳನ್ನೂ ಸರ್ಕಾರದ ಮುದ್ರೆಯೊತ್ತಿ ಉಳಿಸುವುದಾಗಿತ್ತು. ಈ ಕಲಮು ಒಂದು ಶತಮಾನ ಕಾಲ ಕಾನೂನಿನ ಪುಸ್ತಕದಲ್ಲಿ ಉಳಿದಿತ್ತು.

ಸಂಡೂರು ಮತ್ತು ಧಾರವಾಡ

1817ರಲ್ಲಿ ಮನ್ರೋ ಮತ್ತೆ ಸೈನ್ಯದ ಕೆಲಸಕ್ಕೆ ಮರಳಿದ. ಸಂಡೂರು ಆಗ ಘೋರ್ಪಡೆ ಮನೆತನದ ಶಿವರಾವ್‌ನ ವಶದಲ್ಲಿತ್ತು. ಆ ಮನೆತನದ ಮೇಲೆ ಹಗೆ ಇಟ್ಟಿದ್ದ ಪೇಶ್ವೆಯ ಕೋರಿಕೆಯಂತೆ ಮನ್ರೋ ಅಕ್ಟೋಬರ್ ತಿಂಗಳಲ್ಲಿ ಸಂಡೂರಿಗೆ ಸೈನ್ಯ ನಡೆಸಿದ. ಶಿವರಾವ್ ಯುದ್ಧವಿಲ್ಲದೆ ಕೋಟೆಯನ್ನು ಬಿಟ್ಟುಕೊಟ್ಟ. ಕೆಲವೇ ವಾರಗಳಲ್ಲಿ ಪೇಶ್ವೆಯೇ ಕಂಪನಿಯ ಮೇಲೆ ಯುದ್ಧಕ್ಕೆ ನಿಂತನು. ಅವನ ಪತನಾನಂತರ 1818ರಲ್ಲಿ ಮನ್ರೋನ ಶಿಫಾರಸಿನಂತೆ ಸಂಡೂರನ್ನು ಶಿವರಾವ್‌ಗೆ ಹಿಂದಿರುಗಿಸಲಾಯಿತು. ಅದಕ್ಕೆ ವಿಧ್ಯುಕ್ತ ಸನ್ನದು ದೊರೆತದ್ದು 1826ರಲ್ಲಿ, ಮನ್ರೋ ಗವರ್ನರ್ ಆಗಿದ್ದಾಗ.

ಮರಾಠಾ ಯುದ್ಧದಲ್ಲಿ ಧಾರವಾಡದಲ್ಲಿದ್ದ ಮನ್ರೋನ ಬಳಿ ಸೈನ್ಯ ಅತ್ಯಲ್ಪ. ಆತ ಪೇಶ್ವೆಯ ತಾಲ್ಲೂಕುಗಳಿಗೆ ತನ್ನ ಅಮಲ್ದಾರರನ್ನು ನೇಮಿಸಿ, ಸ್ಥಳೀಯ ಬಂಟರನ್ನು ಸಂಬಳಕ್ಕೆ ಸೇರಿಸಿಕೊಂಡು ಅವರೊಡನೆ ಕಳುಹಿಸಿದ. ಅವರಲ್ಲಿ ರಾಮರಾವ್ ಎಂಬುವನು ಸುಮಾರು 500 ಬಂಟರೊಡನೆ ಹೋಗಿ ನವಲಗುಂದವನ್ನು ಹಿಡಿದನು. ಬಾದಾಮಿ, ಬೆಳಗಾವಿ, ಸೊಲ್ಲಾಪುರಗಳು 1818ರಲ್ಲಿ ಕೈಸೇರಿದವು. ಸರಿಯಾಗಿ ಸಂಬಳ ಕೊಟ್ಟು ನಂಬಿಕೆಯಿಟ್ಟರೆ ಈ ದೇಶದ ಜನ ಎಷ್ಟು ದೊಡ್ಡ ಹೊಣೆಯನ್ನಾದರೂ ಹೊರಬಲ್ಲರೆಂಬುದಕ್ಕೆ ಈ ದಂಡಯಾತ್ರೆಗಿಂತ ಉತ್ತಮ ಉದಾಹರಣೆ ಮನ್ರೋನ ಜೀವನದಲ್ಲಿ ಮತ್ತೊಂದಿಲ್ಲ. ಪಾರ್ಲಿಮೆಂಟಿನಲ್ಲಿ ಜಾರ್ಜ್ ಕ್ಯಾನಿಂಗ್ ಈತನನ್ನು ವಿಶೇಷವಾಗಿ ಹೊಗಳಿದನು.

ಗವರ್ನರ್ ಆಗಿ (1820–1827)

1820ರ ಜೂನ್ 10ರಂದು ಮನ್ರೋ ಮದರಾಸಿನ ಗವರ್ನರ್ ಆಗಿ ಅಧಿಕಾರ ವಹಿಸಿಕೊಂಡ. ದತ್ತ ಮಂಡಲದಲ್ಲಿ ಗುತ್ತಿಗೆ ಪದ್ಧತಿಯನ್ನು ಕೈಬಿಟ್ಟು, ತಾನು 1807ರಲ್ಲಿ ಕೇಳಿದ್ದ ಕಂದಾಯದ ಇಳಿಕೆಯೊಡನೆ ರೈತವಾರಿಯನ್ನು ಮತ್ತೆ ಜಾರಿಗೆ ತಂದ.

1824ರ ಡಿಸೆಂಬರಿನ ಆರಂಭದಲ್ಲಿ ಕಿತ್ತೂರಿನ ಮುತ್ತಿಗೆಯಲ್ಲಿ ಸೊಲ್ಲಾಪುರದ ಉಪ ಕಲೆಕ್ಟರ್ ಆಗಿದ್ದ ಈತನ ಬಂಧುವೊಬ್ಬ ಮರಣ ಹೊಂದಿದ. ಅದೇ ತಿಂಗಳ 31ರಂದು ಮನ್ರೋ ಬರೆದ ದೀರ್ಘ ಟಿಪ್ಪಣಿಯಲ್ಲಿ ದ್ವೇಷದ ಸೋಂಕಿಲ್ಲ. ದೇಶದ ಸ್ಥಿತಿ ಮತ್ತು ಜನರ ನಡತೆಯನ್ನು ಕುರಿತ ಈ ಟಿಪ್ಪಣಿ ಕಂಪನಿ ಆಡಳಿತದ ಅತ್ಯಂತ ಗಮನಾರ್ಹ ದಾಖಲೆಗಳಲ್ಲಿ ಒಂದು. ಭಾರತೀಯ ನೌಕರರು ಸ್ವಭಾವತಃ ಭ್ರಷ್ಟರೆಂಬ ಆ ಕಾಲದ ಸಾಮಾನ್ಯ ಅಭಿಪ್ರಾಯವನ್ನು ಮನ್ರೋ ಇದರಲ್ಲಿ ತಳ್ಳಿಹಾಕಿದ. ಅಲ್ಪ ಸಂಬಳ ಕೊಟ್ಟು, ಮೇಲೇರುವ ಬಾಗಿಲನ್ನು ಮುಚ್ಚಿ, ಎಲ್ಲ ಗೌರವದ ಹುದ್ದೆಗಳಿಂದ ದೂರವಿಟ್ಟರೆ ಯಾವ ದೇಶದ ಜನರಾದರೂ ಅಧಃಪತನ ಹೊಂದುತ್ತಾರೆ ಎಂಬುದು ಈತನ ವಾದ. ಕೆಲಸದ ಹೊಣೆಗೆ ತಕ್ಕ ಸಂಬಳವೂ ಬಡ್ತಿಯ ನಿರೀಕ್ಷೆಯೂ ಇರಬೇಕೆಂದು ಒತ್ತಾಯಿಸಿದ. ಮುಂದೊಂದು ದಿನ ಈ ದೇಶದವರು ತಮ್ಮ ಆಡಳಿತವನ್ನು ತಾವೇ ನಡೆಸುವಷ್ಟು ಸಮರ್ಥರಾದಾಗ ಬ್ರಿಟಿಷರು ಅಧಿಕಾರವನ್ನು ಬಿಟ್ಟುಕೊಡುವುದು ಉಚಿತವೆಂದೂ ಸೂಚಿಸಿದ. ಆದರೆ ಈತನ ದೃಷ್ಟಿ ಹೆಚ್ಚಾಗಿ ಕಂದಾಯ ಮತ್ತು ನ್ಯಾಯದ ಹುದ್ದೆಗಳ ಮೇಲೆಯೇ ಇತ್ತು. ತಾನು ರೂಪಿಸಿದ ಹಳ್ಳಿಯ ಪೊಲೀಸಿಗೂ ಈ ವಾದ ಅನ್ವಯಿಸುತ್ತದೆಂಬುದನ್ನು ಮನ್ರೋ ಪೂರ್ಣವಾಗಿ ಎದುರಿಸಲಿಲ್ಲ. ಪತ್ರಿಕೆಗಳ ಸ್ವಾತಂತ್ರ್ಯವನ್ನೂ ಈತ ವಿರೋಧಿಸಿದ್ದನೆಂಬುದನ್ನು ಇಲ್ಲಿಯೇ ಹೇಳಬೇಕು.

ಶಿಕ್ಷಣದ ಸ್ಥಿತಿಯನ್ನು ತಿಳಿಯಲು 1822ರಲ್ಲಿ ಮನ್ರೋ ಎಲ್ಲ ಜಿಲ್ಲೆಗಳಿಂದ ಶಾಲೆಗಳ ಲೆಕ್ಕ ತರಿಸಿದ. ಪ್ರಾಂತದಲ್ಲಿ ಒಟ್ಟು 12,498 ಶಾಲೆಗಳೂ 1,88,650 ವಿದ್ಯಾರ್ಥಿಗಳೂ ಇದ್ದರು. ಬಳ್ಳಾರಿಯ ಕಲೆಕ್ಟರ್ ಎ. ಡಿ. ಕ್ಯಾಂಪ್‌ಬೆಲ್ 1823ರಲ್ಲಿ ಕಳುಹಿಸಿದ ವರದಿಯಂತೆ, ಒಂಬತ್ತು ಲಕ್ಷಕ್ಕೂ ಹೆಚ್ಚು ಜನಸಂಖ್ಯೆಯ ಆ ಜಿಲ್ಲೆಯಲ್ಲಿ 533 ಶಾಲೆಗಳಿದ್ದು 6,641 ಮಕ್ಕಳು ಓದುತ್ತಿದ್ದರು. ಅವುಗಳಲ್ಲಿ 235 ಕನ್ನಡ ಶಾಲೆಗಳು, 226 ತೆಲುಗು ಶಾಲೆಗಳು. ಬಡತನದಿಂದಾಗಿ ಮಕ್ಕಳನ್ನು ಶಾಲೆಗೆ ಕಳುಹಿಸಲಾರದವರು ಹೆಚ್ಚುತ್ತಿದ್ದಾರೆಂದು ಕ್ಯಾಂಪ್‌ಬೆಲ್ ಬರೆದಿದ್ದಾನೆ.

ಇದರ ಆಧಾರದ ಮೇಲೆ 1826ರಲ್ಲಿ ಮನ್ರೋ ಒಂದು ಯೋಜನೆ ಮುಂದಿಟ್ಟ. ಪ್ರತಿ ಜಿಲ್ಲೆಯಲ್ಲಿ ಎರಡು ಮುಖ್ಯ ಶಾಲೆಗಳು, ಪ್ರತಿ ತಹಸೀಲ್ದಾರಿಯಲ್ಲಿ ಒಂದು ಶಾಲೆ. ಸರ್ಕಾರಿ ಕೆಲಸಗಳಿಗೆ ಅರ್ಹತೆಯುಳ್ಳವರನ್ನು ಸಿದ್ಧಪಡಿಸುವುದೂ ಇದರ ಉದ್ದೇಶಗಳಲ್ಲೊಂದು. ಜಿಲ್ಲಾ ಶಾಲೆಯ ಉಪಾಧ್ಯಾಯನಿಗೆ ತಿಂಗಳಿಗೆ 15 ರೂಪಾಯಿ, ತಹಸೀಲ್ದಾರಿ ಶಾಲೆಯವನಿಗೆ 9 ರೂಪಾಯಿ ಸಂಬಳ ಗೊತ್ತಾಯಿತು. ಬಂಗಾಳದ ದರೋಗನಿಗೆ ಮೂರು ದಶಕಗಳ ಹಿಂದೆಯೇ 25 ರೂಪಾಯಿ ಸಿಗುತ್ತಿತ್ತೆಂಬುದನ್ನು ನೆನೆದರೆ, ಉಪಾಧ್ಯಾಯನ ಸ್ಥಾನ ಎಲ್ಲಿತ್ತೆಂಬುದು ತಿಳಿಯುತ್ತದೆ. ಮನ್ರೋನ ಮರಣಾನಂತರ ಯೋಜನೆ ಸೊರಗಿ, 1836ರಲ್ಲಿ ಆ ಶಾಲೆಗಳು ಮುಚ್ಚಿಹೋದವು.

ಮರಣ

1825ರಲ್ಲಿ ಮನ್ರೋಗೆ ಬ್ಯಾರೊನೆಟ್ ಪದವಿ ದೊರೆಯಿತು. ಬರ್ಮಾ ಯುದ್ಧದ ಕಾರಣದಿಂದ ನಿವೃತ್ತಿ ಮುಂದೆ ಹೋಗುತ್ತಲೇ ಇತ್ತು. ಹೆಂಡತಿ ಕಾಯಿಲೆಯ ಮಗನೊಡನೆ 1826ರಲ್ಲಿಯೇ ಇಂಗ್ಲೆಂಡಿಗೆ ಹೊರಟುಹೋಗಿದ್ದಳು. ಊರಿಗೆ ಮರಳುವ ಮುನ್ನ ತನ್ನ ಹಳೆಯ ದತ್ತ ಮಂಡಲವನ್ನು ಒಮ್ಮೆ ನೋಡಿಬರಬೇಕೆಂದು 1827ರ ಬೇಸಿಗೆಯಲ್ಲಿ ಪ್ರವಾಸ ಹೊರಟ. ಗುತ್ತಿಯ ಬಳಿ ಪರಿವಾರದಲ್ಲಿ ಕಾಲರಾ ಕಾಣಿಸಿಕೊಂಡಿತು. ಜುಲೈ 6ರ ಬೆಳಿಗ್ಗೆ ಪತ್ತಿಕೊಂಡದ ಬಿಡಾರದಲ್ಲಿ ಮನ್ರೋಗೂ ರೋಗ ತಗಲಿ, ಅದೇ ರಾತ್ರಿ ತೀರಿಕೊಂಡ. ಶವವನ್ನು ಗುತ್ತಿಗೆ ಒಯ್ದು ಸಮಾಧಿ ಮಾಡಲಾಯಿತು. 1831ರಲ್ಲಿ ಅವಶೇಷಗಳನ್ನು ಮದರಾಸಿನ ಸೇಂಟ್ ಮೇರಿ ಚರ್ಚಿಗೆ ಸಾಗಿಸಲಾಯಿತು.

ಮನ್ರೋ ವ್ಯವಸ್ಥೆಯ ಅನಂತರದ ಗತಿ

ಕಂದಾಯ ಮತ್ತು ಪೊಲೀಸ್ ಒಂದೇ ಕೈಯಲ್ಲಿ ಸೇರಿದ ವ್ಯವಸ್ಥೆ ನಾಲ್ಕು ದಶಕಗಳ ಕಾಲ ನಡೆಯಿತು. ಕಂದಾಯ ವಸೂಲಿಗೂ ಅಪರಾಧ ಒಪ್ಪಿಸುವುದಕ್ಕೂ ಜನರನ್ನು ಹಿಂಸಿಸಲಾಗುತ್ತಿದೆಯೆಂಬ ದೂರುಗಳು ಪಾರ್ಲಿಮೆಂಟಿನವರೆಗೆ ಹೋದವು. ವಿಚಾರಣೆಗಾಗಿ ನೇಮಕವಾದ ಆಯೋಗ 1855ರಲ್ಲಿ ವರದಿ ಸಲ್ಲಿಸಿ, ಹಿಂಸೆ ನಡೆಯುತ್ತಿದ್ದುದು ನಿಜವೆಂದು ಕಂಡುಕೊಂಡಿತು. ಒಬ್ಬನೇ ನೌಕರನಲ್ಲಿ ಎರಡು ಅಧಿಕಾರಗಳು ಸೇರಿದ್ದುದು ಮುಖ್ಯ ದೋಷವಾಗಿ ಎದ್ದು ಕಂಡಿತು. 1859ರ 24ನೆಯ ಕಾನೂನಿನಿಂದ ಮದರಾಸು ಪ್ರಾಂತದಲ್ಲಿ ಪೊಲೀಸ್ ಪ್ರತ್ಯೇಕ ಇಲಾಖೆಯಾಯಿತು. ವಿಲಿಯಂ ರಾಬಿನ್‌ಸನ್ ಅದರ ಮೊದಲ ಇನ್‌ಸ್ಪೆಕ್ಟರ್ ಜನರಲ್. ಬಳ್ಳಾರಿ ಸೀಮೆಯ ಹಳ್ಳಿಗಳಿಗೆ ಸಮವಸ್ತ್ರ ಧರಿಸಿ ತಿಂಗಳ ಸಂಬಳ ಪಡೆಯುವ ಕಾನ್‌ಸ್ಟೇಬಲ್ ಬಂದದ್ದು ಆಗ. ಇಡೀ ಬ್ರಿಟಿಷ್ ಇಂಡಿಯಾಕ್ಕೆ ಅನ್ವಯಿಸಿದ 1861ರ 5ನೆಯ ಕಾನೂನು ಇದರ ಜಾಡಿನಲ್ಲಿಯೇ ಬಂತು.

ಸಂಬಳದ ಅಂತರ ಮಾತ್ರ ಹೊಸ ಇಲಾಖೆಯಲ್ಲಿಯೂ ಉಳಿಯಿತು. ಸಿವಿಲ್ ಸೇವೆಗೆ 1855ರಿಂದಲೇ ಸ್ಪರ್ಧಾತ್ಮಕ ಪರೀಕ್ಷೆ ನಡೆಯುತ್ತಿತ್ತು. ಪೊಲೀಸಿನ ಮೇಲಧಿಕಾರಿಗಳಿಗೆ ಲಂಡನ್ನಿನಲ್ಲಿ ಪರೀಕ್ಷೆ ಆರಂಭವಾದದ್ದು 1893ರಲ್ಲಿ, ಅಂದರೆ 38 ವರ್ಷಗಳ ನಂತರ. ಕೆಳಹಂತದಲ್ಲಿ ದೇಹದಾರ್ಢ್ಯವನ್ನಲ್ಲದೆ ಬೇರೆ ಅರ್ಹತೆಯನ್ನು ಕೇಳುವುದು ಅಪರೂಪವಾಗಿತ್ತು. ಸರ್ ಆಂಡ್ರ್ಯೂ ಫ್ರೇಜರ್ ಅಧ್ಯಕ್ಷತೆಯ 1902–03ರ ಪೊಲೀಸ್ ಆಯೋಗ, ಇಲಾಖೆಯಲ್ಲಿ ಲಂಚ ಮತ್ತು ದಬ್ಬಾಳಿಕೆ ವ್ಯಾಪಕವಾಗಿದೆಯೆಂದು ಹೇಳಿ, ಕಾನ್‌ಸ್ಟೇಬಲ್‌ನ ಸಂಬಳ ತಿಂಗಳಿಗೆ 8 ರೂಪಾಯಿಗಿಂತ ಕಡಿಮೆಯಿರಬಾರದೆಂದು ಶಿಫಾರಸು ಮಾಡಿತು. ಅದು ಮನ್ರೋ 1826ರಲ್ಲಿ ತಹಸೀಲ್ದಾರಿ ಶಾಲೆಯ ಉಪಾಧ್ಯಾಯನಿಗೆ ಗೊತ್ತುಮಾಡಿದ್ದ ಸಂಬಳಕ್ಕಿಂತ ಒಂದು ರೂಪಾಯಿ ಕಡಿಮೆ.

ಸ್ಮಾರಕಗಳು ಮತ್ತು ಐತಿಹ್ಯ

ರಾಯಲಸೀಮೆ ಮತ್ತು ಬಳ್ಳಾರಿ ಭಾಗಗಳಲ್ಲಿ ಮನ್ರೋನ ನೆನಪು ಬಹುಕಾಲ ಹಸಿರಾಗಿತ್ತು. ಮಕ್ಕಳಿಗೆ ಮನ್ರೋಲಪ್ಪ ಎಂದು ಹೆಸರಿಟ್ಟವರೂ ಇದ್ದರು. ಪತ್ತಿಕೊಂಡದಲ್ಲಿ ತೋಪು ಮತ್ತು ಬಾವಿ, ಗುತ್ತಿಯಲ್ಲಿ ಛತ್ರ ಇವು ಈತನ ಸ್ಮರಣೆಗಾಗಿ ಆದವು. ಮಂತ್ರಾಲಯದ ಮಠದ ಇನಾಂ ಭೂಮಿಯ ವಿಚಾರಣೆಗೆ ಹೋದಾಗ ಶ್ರೀ ರಾಘವೇಂದ್ರ ಸ್ವಾಮಿಗಳು ಬೃಂದಾವನದಿಂದ ಎದ್ದು ಬಂದು ಮನ್ರೋನೊಡನೆ ಮಾತನಾಡಿದರೆಂಬ ಐತಿಹ್ಯ ಭಕ್ತರಲ್ಲಿ ಇಂದಿಗೂ ಪ್ರಚಲಿತವಾಗಿದೆ. ದತ್ತ ಮಂಡಲದ ಇನಾಂ ಭೂಮಿಗಳ ವಿಚಾರಣೆ ಮನ್ರೋನ ಕೆಲಸಗಳಲ್ಲಿ ಒಂದಾಗಿದ್ದುದು ಮಾತ್ರ ಚಾರಿತ್ರಿಕ ಸಂಗತಿ.

ಚೆನ್ನೈ ನಗರದಲ್ಲಿರುವ ಅಶ್ವಾರೂಢ ಪ್ರತಿಮೆಯನ್ನು ಶಿಲ್ಪಿ ಫ್ರಾನ್ಸಿಸ್ ಚಾಂಟ್ರಿ ರಚಿಸಿದನು. 1839ರಲ್ಲಿ ಅದನ್ನು ಸ್ಥಾಪಿಸಲಾಯಿತು. ಕುದುರೆಗೆ ಜೀನಾಗಲಿ ರಿಕಾಪುಗಳಾಗಲಿ ಇಲ್ಲದಿರುವುದು ನೋಡಿದವರ ಗಮನ ಸೆಳೆಯುತ್ತದೆ.